ಮಣ್ಣಿನ ಋಣ

ಪಡೆದುದನ್ನು ಹಿಂದಿರುಗಿಸುವುದು ಧರ್ಮ. ಪಡೆದವರು ಗತಿಸಿ, ಪಡೆದ ವಸ್ತುವೂ ಕೈಬಿಟ್ಟುಹೋದ ಮೇಲೆ ಆ ಋಣ ಯಾರದು? ಗ್ರಂಥಗಳಲ್ಲಿ ಉತ್ತರ ಅರಸುವ ಮುನ್ನ ನಮ್ಮ ನೆರೆಯ ನೆಲವೊಂದನ್ನು ನೋಡುವುದು ಒಳಿತು.

ಬೆಂಗಳೂರು ದಂಡು ನಿಲ್ದಾಣದಿಂದ ಪೂರ್ವಕ್ಕೆ ಹೊರಟ ರೈಲು ಕೃಷ್ಣರಾಜಪುರ, ಬಂಗಾರಪೇಟೆಗಳನ್ನು ದಾಟಿ ಮಾರಿಕುಪ್ಪಂ ಸೇರುತ್ತದೆ. ಅದು ಕೋಲಾರದ ಚಿನ್ನದ ಗಣಿಯ ನೆಲೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾರ್ಯಾರಂಭ ಮಾಡಿತು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಹೊರಬಂದ ಚಿನ್ನ ಸುಮಾರು 800 ಟನ್. ಅದು ದೇಶದೇಶಗಳ ಪಾಲಾಯಿತು. ಊರಿಗೆ ಉಳಿದುದು ಕೋಟಿಗಟ್ಟಲೆ ಟನ್ ಅರೆದ ಕಲ್ಲಿನ ಪುಡಿ. ಆ ರಾಶಿಗಳನ್ನು ಜನ ಸೈನೈಡ್ ದಿಬ್ಬಗಳೆಂದು ಕರೆಯುತ್ತಾರೆ. ಗಾಳಿ ಬೀಸಿದರೆ ಅದರ ಧೂಳು ಮನೆಮನೆಗಳನ್ನು ಹೊಗುತ್ತದೆ. ಅಲ್ಲಿ ದುಡಿದವರ ಮಕ್ಕಳು ಇಂದು ಮುಂಜಾನೆಯ ರೈಲಿನಲ್ಲಿ ನಮ್ಮ ನಗರಕ್ಕೆ ದುಡಿಯಲು ಬರುತ್ತಾರೆ.

ಅದು ನಮ್ಮ ಪಾಪವಲ್ಲವೆಂದು ಹೇಳಬಹುದೆ? 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಹರಿಸಿದುದು ಆ ಗಣಿಗಾಗಿ. ಅದೇ ಶಕ್ತಿ 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಲಾಭವು ಪಿತ್ರಾರ್ಜಿತವಾದರೆ ಸಾಲವೂ ಪಿತ್ರಾರ್ಜಿತವೇ ಸರಿ.

ಆ ಸಾಲ ತೀರುವುದೆಂತು? ದಿಬ್ಬದ ಮೇಲೆ ಸಸಿ ನೆಟ್ಟು, ಹಸಿರು ಕಂಡೊಡನೆ ಕರ್ತವ್ಯ ಮುಗಿಯಿತೆಂದು ತಿಳಿಯುವುದುಂಟು. ಆದರೆ ಪುಡಿಯಾದ ಕಲ್ಲು ಮಣ್ಣಲ್ಲ. ಒಂದು ಚಿಟಿಕೆ ಜೀವಂತ ಮಣ್ಣಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿರುತ್ತವೆ. ತರಗೆಲೆಯನ್ನು ಗೊಬ್ಬರವಾಗಿಸುವುದು, ಗಾಳಿಯ ಸಾರಜನಕವನ್ನು ಬೇರಿಗೆ ಒದಗಿಸುವುದು, ಕಣಕಣಗಳನ್ನು ಬೆಸೆದು ತೇವ ಉಳಿಸುವುದು ಅವುಗಳ ಕಾಯಕ. ಅವಿಲ್ಲದೆಡೆ ನೆಟ್ಟ ಗಿಡ ನಾವು ನೀರೆರೆಯುವವರೆಗೆ ಮಾತ್ರ ಬಾಳೀತು.

ಅವನ್ನು ಮರಳಿ ನೆಲೆಗೊಳಿಸಬೇಕಾದರೆ ಮೊದಲು ಅನ್ನವಿಕ್ಕಬೇಕು. ಕೊಟ್ಟಿಗೆಗೊಬ್ಬರ, ಎಲೆಗೊಬ್ಬರಗಳೇ ಆ ಅನ್ನ. ಸಮೀಪದ ಒಳ್ಳೆಯ ಮಣ್ಣನ್ನು ಹಾಲಿಗೆ ಹೆಪ್ಪಿಡುವಂತೆ ಬೆರೆಸಬೇಕು. ಬೇರಿನೊಡನೆ ಬಾಳುವ ಶಿಲೀಂಧ್ರಗಳನ್ನು ಸಸಿಯ ಬುಡಕ್ಕೆ ಸೇರಿಸಿ, ಬೇರಿನಲ್ಲಿ ಗಂಟು ಕಟ್ಟುವ ಹೊಂಗೆಯಂಥ ಮರಗಳನ್ನು ಬೆಳೆಸಬೇಕು. ಕಲ್ಲಿನೊಡನೆ ಮೇಲೆ ಬಂದ ವಿಷಲೋಹಗಳನ್ನು ಯಾವ ಜೀವಿಯೂ ಇಲ್ಲವಾಗಿಸಲಾರದು. ಆದುದರಿಂದ ಅಲ್ಲಿ ಉಣ್ಣುವ ಬೆಳೆ ಸಲ್ಲದು. ಆದರೂ ಬೇರುಗಳ ಹೆಣಿಗೆ ಧೂಳನ್ನು ಹಿಡಿದಿಟ್ಟರೆ ಮಕ್ಕಳ ಉಸಿರು ಉಳಿಯುತ್ತದೆ. ಇಂದು ಹೊಸದಾಗಿ ಗಣಿ ತೋಡುವವರು ಮೇಲ್ಮಣ್ಣನ್ನು ಕಾದಿರಿಸಿ ಬೇಗನೆ ಮರಳಿ ಹರಡಬೇಕು. ಎತ್ತರದ ರಾಶಿಯಾಗಿ ವರ್ಷಗಟ್ಟಲೆ ಬಿದ್ದರೆ ಗಾಳಿಯಾಡದೆ ಅದರೊಳಗಿನ ಜೀವ ನಶಿಸುತ್ತದೆ.

ಇದು ದಶಕಗಳ ಕೆಲಸ. ಪೂರ್ತಿ ತೀರದ ಸಾಲವೆಂದು ತೀರಿಸದೆ ಕುಳಿತುಕೊಳ್ಳುವುದು ಸಾಲಗಾರನ ಕುಂಟುನೆಪ. ಹಲಸೂರು, ಇಂದಿರಾನಗರಗಳ ಬೀದಿಗಳಲ್ಲಿ ನಾವು ಗುಡಿಸಿ ಎಸೆಯುವ ತರಗೆಲೆ ಅಂಥ ನೆಲಕ್ಕೆ ಆಹಾರವೆಂಬ ಅರಿವಾದರೂ ನಮಗೆ ಬರಲಿ. ಕೊಟ್ಟವನಿಗೇ ಮರಳಿ ಕೊಡುವುದು ವ್ಯವಹಾರ. ಕಣ್ಣಿಗೆ ಕಾಣದ ಜೀವಕ್ಕೆ, ಇನ್ನೂ ಹುಟ್ಟದ ಮಕ್ಕಳಿಗೆ ಸಲ್ಲಿಸುವುದು ದಾಸೋಹ.