ಅಂಕಿತ

ನಮ್ಮ ಬಡಾವಣೆಯ ವಾಚನಾಲಯದವರು ನವರಾತ್ರಿ ಕಳೆದ ಮೇಲೆ ಬರುವ ಭಾನುವಾರದಂದು, ಪಕ್ಕದ ಶಾಲೆಯ ಅಂಗಳದಲ್ಲಿ ಶಾಮಿಯಾನ ಕಟ್ಟಿಸಿ, ಮಕ್ಕಳ ಪುಸ್ತಕಗಳ ಮೇಳವೊಂದನ್ನು ನಡೆಸುವ ವಾಡಿಕೆಯುಂಟು. ಮೇಳವೆಂದರೆ ದೊಡ್ಡ ಸಂಭ್ರಮವೇನೂ ಅಲ್ಲ. ಶಾಲೆಯ ಬೆಂಚುಗಳನ್ನೇ ಜೋಡಿಸಿ, ಮೇಲೆ ಬಿಳಿಯ ಪಂಚೆ ಹಾಸಿ, ಪುಸ್ತಕಗಳನ್ನು ಮಕ್ಕಳ ಕೈಗೆ ಎಟಕುವಂತೆ ಹರಡಿರುತ್ತಾರೆ. ಮಕ್ಕಳಿಗಾಗಿ ಬರೆಯುವ ನಾಲ್ಕೈದು ಮಂದಿ ಲೇಖಕರು ಬಂದು ಕುಳಿತು, ಪುಸ್ತಕ ಕೊಂಡ ಮಗುವಿಗೆ ಮೊದಲ ಪುಟದಲ್ಲಿ ತಮ್ಮ ಹಸ್ತಾಕ್ಷರವನ್ನು ಹಾಕಿಕೊಡುತ್ತಾರೆ. ಖರ್ಚು ಕಳೆದು ಉಳಿದ ಹಣ ವಾಚನಾಲಯದ ಮಕ್ಕಳ ಕಪಾಟಿಗೆ ಸಲ್ಲುತ್ತದೆ. ಸರಸ್ವತೀಪೂಜೆಯ ದಿನ ಮಣೆಯ ಮೇಲೆ ಏರಿಸಿ, ಕುಂಕುಮ ಹಚ್ಚಿ, ತೆರೆಯಬಾರದೆಂದು ಬದಿಗಿಟ್ಟಿದ್ದ ಪುಸ್ತಕಗಳು ಮತ್ತೆ ಮಕ್ಕಳ ಕೈಗೆ ಇಳಿದು ಬರುವ ಕಾಲವದು. ಆದುದರಿಂದ ಈ ಮೇಳ ನನಗೆ ಆ ಪೂಜೆಯ ಉತ್ತರಾಂಗದಂತೆಯೇ ತೋರುತ್ತದೆ.

ಕಳೆದ ಸಲದ ಮೇಳದಲ್ಲಿ ಆರೇಳು ವರ್ಷದ ಹುಡುಗಿಯೊಬ್ಬಳು, ಕೊಂಡ ಪುಸ್ತಕವನ್ನು ಎರಡು ಕೈಯಲ್ಲಿಯೂ ಎದೆಗವಚಿಕೊಂಡು, ನಿವೃತ್ತ ಉಪಾಧ್ಯಾಯಿನಿಯಾದ ಹಿರಿಯ ಲೇಖಕಿಯೊಬ್ಬರ ಮುಂದೆ ನಿಂತಳು. ಆಕೆ ಹೆಸರು ಕೇಳಿದರು; ಹುಡುಗಿ ಹೇಳಿದಳು; ಆಕೆ ಬರೆಯತೊಡಗಿ, ಕೊನೆಯ ಅಕ್ಷರದ ಬಳಿ ಲೇಖನಿ ಒಂದು ಕ್ಷಣ ತಡೆಯುತ್ತಲೇ, ಹುಡುಗಿ ಮೇಜಿನ ಮೇಲೆ ಬಗ್ಗಿ, “ಹೊಟ್ಟೆ ಸೀಳಬೇಕು, ಅಜ್ಜಿ” ಎಂದಳು. ಆಕೆ ಆ ಅಕ್ಷರಕ್ಕೆ ಮಹಾಪ್ರಾಣದ ಗೀಟನ್ನೆಳೆದು, ಕೆಳಗೆ ತಮ್ಮ ಹೆಸರನ್ನು ಬರೆದರು. ಹುಡುಗಿ ಕೆಳಗಿನ ಹೆಸರನ್ನು ನೋಡಲೇ ಇಲ್ಲ. ಮೇಲಿನ ಹೆಸರನ್ನು ಮಾತ್ರ ಬೆರಳಿಟ್ಟು, ಅಕ್ಷರ ಅಕ್ಷರವಾಗಿ ಓದಿಕೊಂಡು, ತನ್ನ ತಾಯಿಗೆ ತೋರಿಸಲು ಓಡಿದಳು.

ನನ್ನ ಜೊತೆಯಲ್ಲಿದ್ದ ಹಿರಿಯ ಮಿತ್ರರು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರು, ಶಾಸ್ತ್ರನಿಷ್ಠರು. ಈ ದೃಶ್ಯ ಅವರ ಮನಸ್ಸಿಗೆ ಹಿಡಿಸಲಿಲ್ಲ. “ಮಾಡಿದ ಕರ್ಮವನ್ನೆಲ್ಲ ಕೃಷ್ಣಾರ್ಪಣವೆಂದು ನೀರು ಬಿಡುವ ನಾಡು ನಮ್ಮದು, ನಾನು ಕರ್ತೃವೆಂಬ ಭಾವವೇ ಬಂಧಕ್ಕೆ ಮೂಲವೆಂದು ಓದಿ ಬೆಳೆದವರು ನಾವು. ಇಲ್ಲಿ ನೋಡಿದರೆ, ಕೃತಿಕಾರನು ತನ್ನ ಹೆಸರನ್ನು ತಾನೇ ಬರೆದು, ಅದನ್ನೇ ವಿಶೇಷವೆಂದು ಸಾರಿ, ಎಳೆಯ ಮಕ್ಕಳಿಗೆ ಮಾರುತ್ತಿದ್ದಾನೆ. ಇದು ಅಹಂಕಾರದ ಅಕ್ಷರಾಭ್ಯಾಸವಲ್ಲವೇ?” ಎಂದು ಕೇಳಿದರು. ಮಾತು ಕಟುವಾಗಿತ್ತು, ಆದರೆ ಹಗುರವಾಗಿರಲಿಲ್ಲ. ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಈ ವಿಷಯದಲ್ಲಿ ನಮ್ಮ ಭಾಷೆಯೇ ನಮಗೆ ಮೊದಲ ಗುರು. ಹೆಸರು ಹಾಕುವ ಕ್ರಿಯೆಗೆ ನಾವು ಬಳಸುವ ಪದಗಳಲ್ಲಿ ‘ಸಹಿ’ ಎಂಬುದು ಅರಬ್ಬಿಯಿಂದ ಬಂದುದು. ಸರಿಯಾದುದು, ದಿಟವಾದುದು ಎಂದು ಅದರ ಮೂಲಾರ್ಥ. ಕಚೇರಿಯ ಕಾಗದಕ್ಕೆ ಅದು ತಕ್ಕ ಮಾತು. ಆದರೆ ಕವಿಯು ತನ್ನ ಕೃತಿಯಲ್ಲಿ ಇಡುವ ಹೆಸರಿಗೆ ಕನ್ನಡವು ‘ಅಂಕಿತ’ ಎಂದು ಹೇಳಿತು. ಮತ್ತು ಅದೇ ಪದವನ್ನು, ಒಬ್ಬನು ತನ್ನನ್ನು ಇನ್ನೊಬ್ಬನಿಗೆ ಒಪ್ಪಿಸಿಕೊಂಡುದಕ್ಕೂ ಬಳಸಿತು. ಅಂಕಿತ ಹಾಕುವುದು, ಅಂಕಿತವಾಗುವುದು: ಒಂದರಲ್ಲಿ ಹೆಸರಿನ ಸ್ಥಾಪನೆ, ಇನ್ನೊಂದರಲ್ಲಿ ತನ್ನ ವಿಸರ್ಜನೆ, ಎರಡಕ್ಕೂ ಒಂದೇ ಶಬ್ದ. ಇದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಹನ್ನೆರಡನೆಯ ಶತಮಾನದ ಶರಣರು ತಮ್ಮ ವಚನದ ಕೊನೆಯಲ್ಲಿ, ಬರೆದವನ ಹೆಸರು ಬರಬೇಕಾದ ಎಡೆಯಲ್ಲಿಯೇ, ತಮ್ಮ ಇಷ್ಟದೈವದ ಹೆಸರನ್ನಿಟ್ಟರು. ಕೂಡಲಸಂಗಮದೇವನೆಂದರೆ ಬಸವಣ್ಣನವರು, ಗುಹೇಶ್ವರನೆಂದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿ ಎಂದು ನಾವು ಗುರುತಿಸುತ್ತೇವೆ. ಎಂದರೆ, ತನ್ನ ಹೆಸರನ್ನು ಅಳಿಸಿಕೊಂಡವನನ್ನು, ಅವನು ಯಾರಿಗಾಗಿ ಅಳಿಸಿಕೊಂಡನೋ ಆ ಹೆಸರಿನಿಂದಲೇ ಅರಿಯುತ್ತೇವೆ. ದಾಸರಲ್ಲಿಯಂತೂ ಅಂಕಿತವು ತಾನಾಗಿ ಇಟ್ಟುಕೊಳ್ಳುವುದೂ ಅಲ್ಲ, ಗುರು ಕೊಡಬೇಕಾದುದು. ಪುರಂದರದಾಸರಿಗೆ ವ್ಯಾಸರಾಯರಿಂದ ಅಂಕಿತವಾಯಿತೆಂಬುದು ಸಂಪ್ರದಾಯ. ಅರಸರಲ್ಲಿಯೂ ಈ ಭಾವವನ್ನು ಕಾಣುತ್ತೇವೆ. ವಿಜಯನಗರದ ಸಂಗಮ ವಂಶದವರ ತಾಮ್ರಶಾಸನಗಳಲ್ಲಿ, ವಂಶದ ಪ್ರಶಸ್ತಿಯನ್ನೂ ದಾನದ ವಿವರವನ್ನೂ ನಂದಿನಾಗರಿಯಲ್ಲಿ ಕೊರೆಸಿ, ಕೊನೆಗೆ ಅರಸನು ರುಜು ಮಾಡಬೇಕಾದ ಸ್ಥಳದಲ್ಲಿ ‘ಶ್ರೀ ವಿರೂಪಾಕ್ಷ’ ಎಂದು ಕನ್ನಡ ಅಕ್ಷರಗಳಲ್ಲಿ ಬರೆಸಿರುತ್ತಾರೆ. ರಾಜ್ಯವಾಳುವ ಕೈ ತನ್ನದಲ್ಲದ ಹೆಸರನ್ನು ತನ್ನ ರುಜುವೆಂದು ಒಪ್ಪಿತು.

ಇಷ್ಟನ್ನು ಹೇಳಿದರೆ ನನ್ನ ಮಿತ್ರರ ಆಕ್ಷೇಪಕ್ಕೆ ಬಲವೇ ಬಂದಂತಾಯಿತು. ಏಕೆಂದರೆ ಮೇಳದ ಲೇಖಕರು ಬರೆಯುತ್ತಿದ್ದುದು ದೇವರ ಹೆಸರನ್ನಲ್ಲ, ತಮ್ಮ ಹೆಸರನ್ನೇ. ಆದರೆ ಅದೇ ಶರಣರ ಸಾಲಿನಲ್ಲಿ ಅಂಬಿಗರ ಚೌಡಯ್ಯನೂ ಇದ್ದಾನಲ್ಲವೇ? ದೋಣಿ ನಡೆಸುವ ಆ ಮಹನೀಯನು ತನ್ನ ಕುಲಕಸುಬನ್ನೂ ತನ್ನ ಹೆಸರನ್ನೂ ಸೇರಿಸಿ ಅದನ್ನೇ ಅಂಕಿತ ಮಾಡಿಕೊಂಡನು. ಅವನಲ್ಲಿ ಅಹಂಕಾರವಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ಅವನ ವಚನಗಳ ಖಂಡನೆಯನ್ನು ಓದಿದವರಿಗೆ ತಿಳಿಯುತ್ತದೆ: ಅಷ್ಟು ನಿಷ್ಠುರವಾದ ಮಾತನ್ನಾಡಿ ಅದರ ಹೊಣೆಯನ್ನು ದೇವರ ಮೇಲೆ ಹೊರಿಸುವುದು ಅವನಿಗೆ ಒಪ್ಪಿಗೆಯಾಗಿರಲಾರದು. ಅಲ್ಲಿ ಹೆಸರು ಕೀರ್ತಿಯ ಗುರುತಲ್ಲ, ಈ ಮಾತಿಗೆ ನಾನು ಹೊಣೆ ಎಂಬ ಸಾಕ್ಷಿ. ಅಂಕಿತದ ಇನ್ನೂ ಒಂದು ಬಗೆ ನನಗೆ ಬಹು ಪ್ರಿಯವಾದುದು. ಆಯ್ದಕ್ಕಿ ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನ ಹೆಸರು, ದೇವರ ಹೆಸರು, ನಡುವೆ ‘ಪ್ರಿಯ’ ಎಂಬ ಮಾತು. ತನ್ನ ಹೆಸರಿಲ್ಲ, ಆದರೂ ಅವಳಲ್ಲದೆ ಇನ್ನಾರೂ ಹಾಕಲಾರದ ಅಂಕಿತ. ಎರಡು ಹೆಸರುಗಳ ನಡುವಣ ಸಂಬಂಧವೇ ಇಲ್ಲಿ ಕವಿಯ ಗುರುತಾಗಿ ನಿಂತಿತು.

ಮಗುವಿನ ಪುಸ್ತಕದ ಮೊದಲ ಪುಟದಲ್ಲಿಯೂ ಎರಡು ಹೆಸರುಗಳಿವೆ, ಮತ್ತು ಮೇಲಿನದು ಮಗುವಿನದು. ನಮ್ಮ ಶಾಲಾವ್ಯಾಕರಣವು ನಾಮಪದಗಳನ್ನು ರೂಢನಾಮ, ಅನ್ವರ್ಥನಾಮ, ಅಂಕಿತನಾಮವೆಂದು ವಿಂಗಡಿಸುತ್ತದೆ. ಹುಡುಗನೆಂಬುದು ರೂಢನಾಮ, ಆ ಹುಡುಗನನ್ನು ಕರೆಯಲು ಮನೆಯವರು ಇಟ್ಟ ಹೆಸರು ಅಂಕಿತನಾಮ. ಕನ್ನಡ ಕಲಿತ ಪ್ರತಿಯೊಬ್ಬರೂ ಇದನ್ನು ಬಾಯಿಪಾಠ ಮಾಡಿದವರೇ. ಆದರೂ ಪ್ರತಿಯೊಂದು ಮಗುವೂ ಒಂದು ಅಂಕಿತವನ್ನು ಹೊತ್ತುಕೊಂಡೇ ತಿರುಗುತ್ತಿದೆಯೆಂಬುದನ್ನು ನಾನು ಆ ದಿನದವರೆಗೆ ಯೋಚಿಸಿರಲಿಲ್ಲ. ಆ ಹಿರಿಯ ಲೇಖಕಿ ತಮ್ಮ ಕೃತಿಯ ಶಿರದಲ್ಲಿ ಒಂದು ಅಂಕಿತವನ್ನು, ಹೊಟ್ಟೆ ಸೀಳುವುದನ್ನೂ ಮರೆಯದೆ, ಬರೆದು, ಅದರ ಕೆಳಗೆ ತಾವು ನಿಂತರು. ಇದು ಅರ್ಪಣವಲ್ಲದಿದ್ದರೆ ಅರ್ಪಣವೆಂಬುದು ಬೇರೆ ಏನು?

ಆದರೆ ಶಾಸ್ತ್ರಜ್ಞರ ಪ್ರಶ್ನೆಗೆ ಶಾಸ್ತ್ರದಲ್ಲಿಯೂ ಉತ್ತರ ಹುಡುಕುವುದು ಧರ್ಮ. ಮಾತಿಗೆ ಪ್ರಾಮಾಣ್ಯ ಎಲ್ಲಿಂದ ಬರುತ್ತದೆಂಬ ವಿಚಾರದಲ್ಲಿ ನಮ್ಮ ದಾರ್ಶನಿಕರು ಎರಡು ಪಕ್ಷವಾದರು. ಆಪ್ತನ ಉಪದೇಶವೇ ಶಬ್ದಪ್ರಮಾಣವೆಂದು ನೈಯಾಯಿಕರು. ವಿಷಯವನ್ನು ತಾನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ನುಡಿಯುವವನು ಆಪ್ತ. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣ ಸಮಾನವೆಂದು ವಾತ್ಸ್ಯಾಯನನು ಭಾಷ್ಯದಲ್ಲಿ ಉದಾರವಾಗಿ ಹೇಳಿದ್ದಾನೆ. ಮೀಮಾಂಸಕರ ಮತವಾದರೋ ಇದಕ್ಕೆ ವಿರುದ್ಧವಾದುದು: ವೇದಕ್ಕೆ ಕರ್ತೃವಿಲ್ಲ, ಅದು ಅಪೌರುಷೇಯ, ನುಡಿದ ಪುರುಷನೇ ಇಲ್ಲದಿರುವಲ್ಲಿ ಪುರುಷದೋಷಕ್ಕೂ ಎಡೆಯಿಲ್ಲ, ಆದುದರಿಂದಲೇ ಅದು ಪ್ರಮಾಣ. ಹೆಸರು ಬೇಕೆನ್ನುವವರು ಒಬ್ಬರು, ಹೆಸರಿಲ್ಲದಿರುವುದೇ ಹಿರಿಮೆಯೆನ್ನುವವರು ಇನ್ನೊಬ್ಬರು.

ಮಕ್ಕಳ ಸಾಹಿತ್ಯವು ಈ ಎರಡು ಪಕ್ಷಗಳ ಗಡಿಯಲ್ಲಿಯೇ ಹುಟ್ಟುತ್ತದೆಂದು ನನ್ನ ಎಣಿಕೆ. ಪುಣ್ಯಕೋಟಿಯ ಹಾಡು ಕರ್ತೃವಿನ ಹೆಸರಿಲ್ಲದೆಯೇ ತಲೆಮಾರುಗಳನ್ನು ದಾಟಿ ಬಂದು, ಸತ್ಯವೆಂಬ ಮಾತಿಗೆ ಕನ್ನಡದ ಮಕ್ಕಳ ಮನಸ್ಸಿನಲ್ಲಿ ಬೇರಾವ ಗ್ರಂಥವೂ ಕೊಡಲಾರದಷ್ಟು ತೂಕವನ್ನು ಕೊಟ್ಟಿತು. ಕಾಗಕ್ಕ ಗುಬ್ಬಕ್ಕನ ಕಥೆಗೆ ಕವಿ ಯಾರೆಂದು ಯಾವ ಮಗುವೂ ಕೇಳಿಲ್ಲ. ಆ ಮಟ್ಟಿಗೆ ಮಗು ಮೀಮಾಂಸಕನೇ. ಆದರೆ ಕಥೆ ಹೇಳುತ್ತಿರುವ ಅಜ್ಜಿಯ ಮುಖವನ್ನು ಮಾತ್ರ ಅದು ಎವೆಯಿಕ್ಕದೆ ನೋಡುತ್ತಿರುತ್ತದೆ. ಹುಲಿ ಬಾಯ್ದೆರೆದಾಗ ಅಜ್ಜಿಯ ಸೆರಗನ್ನು ಹಿಡಿಯುತ್ತದೆ. ಹೇಳುವ ದನಿ ನಂಬಿಕೆಯದಾಗಿರಬೇಕು. ಆಪ್ತಳಿಲ್ಲದೆ ಕಥೆಯಿಲ್ಲ.

ಈ ಎರಡನ್ನೂ ಕೂಡಿಸುವ ಸೂತ್ರವೊಂದು ಮೀಮಾಂಸೆಯ ಸೂತ್ರಕಾರನಾದ ಜೈಮಿನಿಯಲ್ಲಿಯೇ ಇದೆ. ವೇದಕ್ಕೆ ಕರ್ತೃವಿಲ್ಲವೆಂದಾದರೆ ಕಾಠಕ, ಕಾಲಾಪಕ ಮುಂತಾಗಿ ಮನುಷ್ಯರ ಹೆಸರನ್ನು ಹೊತ್ತ ಶಾಖೆಗಳು ಏಕಿವೆಯೆಂದು ಪೂರ್ವಪಕ್ಷಿ ಕೇಳುತ್ತಾನೆ. ಸಿದ್ಧಾಂತಿಯ ಉತ್ತರ ಸಣ್ಣದು: ಆ ಹೆಸರು ಬಂದುದು ರಚನೆಯಿಂದಲ್ಲ, ಪ್ರವಚನದಿಂದ. ಕಠನು ಅದನ್ನು ಮಾಡಿದವನಲ್ಲ. ತಾನು ಕಲಿತುದನ್ನು ಇತರರಿಗೆ ಚೆನ್ನಾಗಿ ಹೇಳಿಕೊಟ್ಟವನು. ಆ ಹೇಳಿಕೊಟ್ಟ ಋಣಕ್ಕಾಗಿ ಶಿಷ್ಯರು ಅವನ ಹೆಸರನ್ನು ಉಳಿಸಿಕೊಂಡರು. ವೇದದ ವಿಷಯವನ್ನು ಹೀಗೆ ಮಕ್ಕಳ ಪದ್ಯಕ್ಕೆ ಎಳೆದು ತರಬಹುದೇ ಎಂದು ಶಂಕಿಸುವವರಿರಬಹುದು. ಆದರೆ ನಮ್ಮ ಶಿಶುಸಾಹಿತ್ಯದ ಹಿರಿಯರಾದ ಪಂಜೆ ಮಂಗೇಶರಾಯರು ತಮಗೆ ಆರಿಸಿಕೊಂಡ ಕಾವ್ಯನಾಮವನ್ನು ನೆನೆಯಿರಿ: ‘ಕವಿಶಿಷ್ಯ’. ಮಕ್ಕಳಿಗೆ ಕಲಿಸಲು ಹೊರಟವರು ತಾವೇ ಕಲಿಯುವವರೆಂದು ರುಜು ಹಾಕಿದರು. ಹೆಸರಿನೊಳಗೆ ಪ್ರವಚನದ ಪರಂಪರೆಯನ್ನು ಅಡಗಿಸಿಡುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ.

ಇನ್ನು ಮಾರಾಟದ ಮಾತು. ವಿದ್ಯೆಯನ್ನು ಹಣಕ್ಕೆ ಕೊಡುವುದನ್ನು ನಮ್ಮ ಸ್ಮೃತಿಗಳು ಮೆಚ್ಚಲಿಲ್ಲವೆಂಬುದು ನಿಜ. ಸಂಬಳ ಪಡೆದು ಪಾಠ ಹೇಳುವವನನ್ನು ಮನು ಶ್ರಾದ್ಧದ ಪಂಕ್ತಿಯಿಂದ ಹೊರಗಿಟ್ಟನು. ನಮ್ಮವರು ಮೆಚ್ಚಿದುದು ಮಾರುವುದನ್ನಲ್ಲ, ದಾನವನ್ನು: ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ, ಒಂದೊಂದು ಓಲೆಯ ಮೇಲೂ ಕಂಟ ಹಿಡಿದ ಕೈ ನಡೆದು ಆದ 1000 ಪ್ರತಿಗಳವು. ಶಾಸ್ತ್ರದಾನದ ಈ ಶಿಖರದ ಮುಂದೆ ನಮ್ಮ ರಿಯಾಯಿತಿ ಮಾರಾಟ ಸಣ್ಣದಾಗಿಯೇ ಕಾಣುತ್ತದೆ. ಆದರೂ, ತಾವೇ ಬರೆದು ಅಚ್ಚು ಹಾಕಿಸಿದ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರನ್ನು (1869–1942) ನಾವು ವಿದ್ಯಾವಿಕ್ರಯಿಗಳೆಂದು ಕರೆದೇವೇ? ಕನ್ನಡಿಗರಿಗೆ ಓದುವ ರುಚಿ ಹತ್ತಿಸಿದವರೆಂದು ಕೈಮುಗಿಯುತ್ತೇವೆ. ಕಾಗದಕ್ಕೂ ಅಚ್ಚಿಗೂ ಹೊಲಿಗೆಗೂ ಬೆಲೆ ಕೊಡಬೇಕು, ಬರೆದವನ ಹೊಟ್ಟೆಗೂ ಕೊಡಬೇಕು. ಹಸ್ತಾಕ್ಷರಕ್ಕೆ ಮಾತ್ರ ಬೆಲೆ ಕಟ್ಟಬಾರದು. ಆ ಮೇಳದ ಒಂದು ಮೂಲೆಯಲ್ಲಿ, ಬರಲಾಗದ ಲೇಖಕರೊಬ್ಬರು ಮೊದಲೇ ಸಹಿ ಹಾಕಿ ಕಳುಹಿಸಿದ್ದ ಪುಸ್ತಕಗಳ ಕಂತೆಯನ್ನಿಟ್ಟು, ಪ್ರತಿಯೊಂದಕ್ಕೂ ಹತ್ತು ರೂಪಾಯಿ ಹೆಚ್ಚೆಂದು ಚೀಟಿ ಅಂಟಿಸಿದ್ದರು. ನನ್ನ ಮಿತ್ರರ ಆಕ್ಷೇಪವನ್ನು ನಾನು ಪೂರ್ಣವಾಗಿ ಒಪ್ಪಿದುದು ಅಲ್ಲಿ. ಆ ಪುಟಗಳಲ್ಲಿ ಒಂದೇ ಹೆಸರಿತ್ತು. ಯಾವ ಮಗುವಿಗಾಗಿಯೂ ಕಾಯದೆ, ಯಾವ ಹೆಸರನ್ನೂ ಕೇಳದೆ ಬಿದ್ದ ಆ ಸಹಿ, ಅಂಗಡಿಯವನು ಒತ್ತುವ ಮೊಹರಿಗಿಂತ ಯಾವ ವಿಧದಲ್ಲಿಯೂ ಹೆಚ್ಚಿನದಾಗಿರಲಿಲ್ಲ.

ಬಿಸಿಲಿಳಿದು, ಶಾಮಿಯಾನದ ಹಗ್ಗ ಬಿಚ್ಚುವ ಹೊತ್ತಿಗೆ, ಒಂಬತ್ತು ಹತ್ತು ವರ್ಷದ ಹುಡುಗನೊಬ್ಬನು ಪಂಜೆಯವರ ಮಕ್ಕಳ ಪದ್ಯಗಳ ಪುಸ್ತಕವನ್ನು ಹಿಡಿದು ಮೇಜಿಂದ ಮೇಜಿಗೆ ಹೋಗುತ್ತಿದ್ದನು. ಎಲ್ಲರಿಗೂ ಅವನದು ಒಂದೇ ಪ್ರಶ್ನೆ: “ಪಂಜೆ ಮಂಗೇಶರಾಯರು ಎಲ್ಲಿ ಕೂತಿದ್ದಾರೆ?” 1937ರಲ್ಲಿ ತೀರಿಕೊಂಡವರನ್ನು ಆ ಹುಡುಗ ಅಂಗಳದಲ್ಲೆಲ್ಲ ಹುಡುಕುತ್ತಿದ್ದನು. ಯಾರೂ ನಗಲಿಲ್ಲ; ಯಾರಿಗೂ ಏನು ಹೇಳಬೇಕೆಂದೂ ತೋಚಲಿಲ್ಲ. ಕೊನೆಗೆ ಆ ಹಿರಿಯ ಲೇಖಕಿ ಅವನನ್ನು ಹತ್ತಿರ ಕರೆದು, “ಅವರು ಬರೋದಿಲ್ಲ ಮಗು, ತುಂಬ ಹಿಂದಿನವರು. ಇದರಲ್ಲಿರೋ ಪದ್ಯ ನಾನು ನಿನ್ನಷ್ಟಿದ್ದಾಗ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು” ಎಂದರು. ಹುಡುಗ ಸ್ವಲ್ಪ ಯೋಚಿಸಿ, “ಹಾಗಾದ್ರೆ ನಿಮ್ಮ ಮೇಷ್ಟ್ರ ಹೆಸರು ಹಾಕಿ” ಎಂದನು.

ಆಕೆ ಅವನ ಹೆಸರು ಕೇಳಿ ಮೇಲೆ ಬರೆದರು. ಅದರ ಕೆಳಗೆ, ಶಾಲೆಯ ಹಲಗೆಯ ಮೇಲೆ ಬರೆಯುವಂತೆ ದುಂಡಗೆ, ನಿಧಾನವಾಗಿ, ತಮ್ಮ ಮೇಷ್ಟರ ಹೆಸರನ್ನು ಬರೆದರು. ತಮ್ಮ ಹೆಸರನ್ನು ಬರೆಯಲಿಲ್ಲ. ಹುಡುಗ ಪುಸ್ತಕವನ್ನು ಮುಚ್ಚದೆ, ಆರದ ಶಾಯಿಯ ಮೇಲೆ ಉಫ್ ಎಂದು ಊದುತ್ತ, ಗೇಟಿನ ಕಡೆಗೆ ನಡೆದನು.