ಬರೇ ಇಬ್ಬರೇನ್ರಿ?

ಒಬ್ಬ ಮನುಷ್ಯನ ಧೈರ್ಯಕ್ಕೆ ಬೆಲೆ ಕಟ್ಟಬೇಕಾದರೆ ಅವನು ಸತ್ತಿರಲೇಬೇಕೇ? ಹೇಳಿಕೇಳಿ ನಾನು ಬ್ಯಾಂಕಿನಲ್ಲಿ ಕೂದಲು ಹಣ್ಣು ಮಾಡಿಕೊಂಡವನು, ಇಂಥ ಪ್ರಶ್ನೆಗಳು ನನ್ನ ಟೇಬಲ್ಲಿಗೆ ಬಂದವಲ್ಲ. ಇದು ಬಂದದ್ದು ರಾಜಸ್ಥಾನದ ಲೋಂಗೇವಾಲಾದಲ್ಲಿ, ಒಂದು ಟ್ರೆಂಚಿನ ಅಂಚಿನಲ್ಲಿ ನಿಂತಿದ್ದಾಗ.

ದೆಹಲಿಯಲ್ಲಿ ನೆಲೆಸಿದ ನಮ್ಮಂಥವರಿಗೆ ಚಳಿಗಾಲದ ಜೈಸಲ್ಮೇರ್ ಎಂದರೆ ಊರಿನವರಿಗೆ ಧರ್ಮಸ್ಥಳ ಇದ್ದ ಹಾಗೆ. ಒಂದಲ್ಲ ಒಂದು ಸಲ ಹೋಗಿಬರಲೇಬೇಕು. ನಿವೃತ್ತಿಯಾದ ಮೇಲೆ ಮೂರು ಕನ್ನಡ ಕುಟುಂಬಗಳು ಸೇರಿ ಹೊರಟೆವು. ಕೋಟೆ, ಹವೇಲಿ, ಒಂಟೆ ಸವಾರಿ ಎಲ್ಲ ಮುಗಿಸಿ, ಅಲ್ಲಿಂದ ಸುಮಾರು 120 ಕಿಲೋಮೀಟರ್ ದೂರದ ಲೋಂಗೇವಾಲಾಕ್ಕೆ ಒಂದು ದಿನ ಇಟ್ಟುಕೊಂಡೆವು. ದಾರಿಯುದ್ದಕ್ಕೂ ಮರಳು ಮತ್ತು ಗಾಳಿಯಂತ್ರ, ಬೇರೇನಿಲ್ಲ.

1971ರ ಡಿಸೆಂಬರ್ 4ರ ರಾತ್ರಿ ಅಲ್ಲಿದ್ದದ್ದು 23ನೇ ಪಂಜಾಬ್ ಬೆಟಾಲಿಯನ್ನಿನ ಒಂದು ಕಂಪನಿ. ಸುಮಾರು 120 ಜನ. ನಾಯಕ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ. ಎದುರಿಗೆ ಬಂದದ್ದು ಸುಮಾರು 2000 ಸೈನಿಕರು, ನಲವತ್ತಕ್ಕೂ ಹೆಚ್ಚು ಟ್ಯಾಂಕು. ಇವರ ಬಳಿ ಟ್ಯಾಂಕಿಗೆ ಉತ್ತರ ಕೊಡಬಲ್ಲದ್ದು ಎಂದರೆ ಮುಖ್ಯವಾಗಿ ಜೀಪಿನ ಮೇಲೆ ಕೂರಿಸಿದ ಒಂದು ತೋಪು. ಜೈಸಲ್ಮೇರ್‌ನಲ್ಲಿ ಹಂಟರ್ ವಿಮಾನಗಳಿದ್ದವು ನಿಜ, ಆದರೆ ರಾತ್ರಿ ಹೊತ್ತು ಯುದ್ಧ ಮಾಡುವ ಸಲಕರಣೆ ಅವಕ್ಕಿರಲಿಲ್ಲ. ಬೆಳಕು ಹರಿಯುವ ತನಕ ಕಾಯಬೇಕು. ನಿಂತು ಕಾದಾಡುತ್ತೀರೋ, ನಡೆದುಕೊಂಡು ಹಿಂದೆ ಬರುತ್ತೀರೋ, ತೀರ್ಮಾನ ನಿಮ್ಮದು ಎಂದು ಮೇಲಿನವರು ಹೇಳಿದರು. ಮೇಜರ್ ನಿಂತರು. ಬೆಳಗಾಯಿತು, ವಿಮಾನಗಳು ಬಂದವು. ಬಟಾಬಯಲಿನಲ್ಲಿ ಟ್ಯಾಂಕುಗಳಿಗೆ ಅಡಗಲು ಒಂದು ಗಿಡವೂ ಇರಲಿಲ್ಲ.

ಭಾರತದ ಕಡೆ ಸತ್ತವರು ಇಬ್ಬರು. ಇದನ್ನು ನಾನು ಹೇಳಿದಾಗ ನಮ್ಮ ಜೊತೆಗಿದ್ದ ಧಾರವಾಡ ಕಡೆಯ ಗೆಳೆಯರು ನಿಂತುಬಿಟ್ಟರು. "ಬರೇ ಇಬ್ಬರೇನ್ರಿ? ಪಿಕ್ಚರ್‌ದಾಗ ಎಷ್ಟ ಮಂದಿ ಸತ್ತಿದ್ರಲ್ರಿ ಸಾಹೇಬ್ರ!" ಅವರ ದನಿಯಲ್ಲಿ ಕೊಂಚ ನಿರಾಸೆಯೇ ಇತ್ತು. ನಮ್ಮಾಕೆ ಸುಮ್ಮನಿರಲಿಲ್ಲ. "ಆ ಇಬ್ರ ಮನೇಲಿ 'ಬರೇ' ಅಂತಾರೇನ್ರೀ?" ಅಂದಳು. ಗೆಳೆಯರು ಒಳ್ಳೆಯ ಮನುಷ್ಯ, ತಲೆ ತಗ್ಗಿಸಿ ನಕ್ಕರು. ಆದರೆ ಅವರ ನಿರಾಸೆ ಅವರೊಬ್ಬರದ್ದಲ್ಲ. ಟಿಕೆಟ್ ತೆಗೆದುಕೊಂಡು ಸಿನಿಮಾ ನೋಡಿದ ನಮ್ಮೆಲ್ಲರದು.

1997ರಲ್ಲಿ ಬಂದ 'ಬಾರ್ಡರ್' ಚಿತ್ರ ಈ ಯುದ್ಧದ ಮೇಲೆಯೇ ತೆಗೆದದ್ದು. ಅದರಲ್ಲಿ ಸುನೀಲ್ ಶೆಟ್ಟಿ ಮಾಡಿದ ಭೈರೋಂ ಸಿಂಗ್ ವೀರಮರಣ ಹೊಂದುತ್ತಾನೆ. ಥಿಯೇಟರಿನಲ್ಲಿ ಜನ ಅತ್ತರು, ನಾನೂ ಕಣ್ಣೊರೆಸಿಕೊಂಡೆ. ನಿಜವಾದ ಭೈರೋಂ ಸಿಂಗ್ ರಾಥೋಡ್ ಗಡಿ ಭದ್ರತಾ ಪಡೆಯವರು, ಜೋಧಪುರ ಕಡೆಯ ಮನುಷ್ಯ. ಪಂಜಾಬಿನಿಂದ ಬಂದ ಪಡೆಗೆ ಆ ಮರಳಿನ ಗುಣ ತಿಳಿಯದಲ್ಲ, ದಾರಿ ತೋರಿಸಲು ಇವರನ್ನು ಕೊಟ್ಟಿದ್ದರು. (ಹೊಸ ಊರಿಗೆ ವರ್ಗವಾಗಿ ಹೋದವನಿಗೆ ಸ್ಥಳೀಯನೊಬ್ಬ ಎಷ್ಟು ದೊಡ್ಡ ಆಸರೆ ಎನ್ನುವುದು ಪರಊರಿನಲ್ಲಿ ಬದುಕಿದವರಿಗೆ ಗೊತ್ತು.) ಆ ರಾತ್ರಿ ಮೆಷಿನ್‌ಗನ್ ಹಿಡಿದು ಕಾದಾಡಿದರು, ಸೇನಾ ಪದಕ ಪಡೆದರು. ಸಾಯಲಿಲ್ಲ. 1987ರಲ್ಲಿ ನಿವೃತ್ತರಾಗಿ ಊರಿಗೆ ಹೋದರು. ತೀರಿಕೊಂಡದ್ದು 2022ರ ಡಿಸೆಂಬರಿನಲ್ಲಿ. ಅಂದರೆ ತೆರೆಯ ಮೇಲೆ ಸತ್ತ ಮೇಲೂ ಇಪ್ಪತ್ತೈದು ವರ್ಷ ಬದುಕಿದ್ದರು.

ನನ್ನ ಶಾಖೆಗಳಲ್ಲಿ ಪ್ರತಿ ನವೆಂಬರಿಗೆ ಪಿಂಚಣಿದಾರರ ಸಾಲು ಇರುತ್ತಿತ್ತು, ಬದುಕಿದ್ದೇನೆ ಎಂಬ ಪ್ರಮಾಣಪತ್ರ ಕೊಡಲು. ದೆಹಲಿಯಲ್ಲಿ ಆ ಸಾಲಿನ ತುಂಬ ಮಾಜಿ ಸೈನಿಕರು. ಒಬ್ಬರ ಕಾಲು ಕುಂಟು, ಒಬ್ಬರಿಗೆ ಕಿವಿ ಕೇಳದು. ಹೆಬ್ಬೆಟ್ಟು ಒತ್ತುವವರೂ ಇದ್ದರು. ಕೌಂಟರಿನ ಹುಡುಗರು ಗಡಿಬಿಡಿಯಲ್ಲಿ "ಮುಂದೆ ಬನ್ನಿ, ಮುಂದೆ ಬನ್ನಿ" ಎನ್ನುತ್ತಿದ್ದರು. ಯಾರೂ ಎದ್ದು ನಿಂತದ್ದನ್ನು ನಾನು ಕಂಡಿಲ್ಲ. ಅದೇ ಜನ ಪೆಟ್ಟಿಗೆಯಲ್ಲಿ ಧ್ವಜ ಹೊದ್ದುಕೊಂಡು ಬಂದಿದ್ದರೆ ಇಡೀ ಬೀದಿ ನಿಲ್ಲುತ್ತಿತ್ತು. ಭೈರೋಂ ಸಿಂಗರೂ ನನ್ನ ಕಣ್ಣಿಗೆ ಆ ಸಾಲಿನಲ್ಲಿ ನಿಂತವರಂತೆಯೇ ಕಾಣುತ್ತಾರೆ. ಸತ್ತವರನ್ನು ಗೌರವಿಸಬಾರದೆಂದಲ್ಲ ನಾನು ಹೇಳುವುದು. ಸತ್ತವರಿಂದ ನಮಗೆ ಬೇರೆ ಖರ್ಚಿಲ್ಲ, ಒಂದು ಕಲ್ಲು, ಒಂದು ಹಾರ, ಮುಗಿಯಿತು. ಬದುಕಿ ಬಂದವನು ಪಿಂಚಣಿ ಕೇಳುತ್ತಾನೆ, ಔಷಧಿ ಕೇಳುತ್ತಾನೆ, ಹೇಳಿದ್ದನ್ನೇ ಹತ್ತು ಸಲ ಹೇಳುತ್ತಾನೆ. ಅವನನ್ನು ಗೌರವಿಸುವುದು ದುಬಾರಿ.

ಈಗ ಆ ಟ್ರೆಂಚಿನ ಮಾತಿಗೆ ಬರುತ್ತೇನೆ. ನಾವು ಅದನ್ನು ಬಲಿಪೀಠದ ಹಾಗೆ ನೋಡುತ್ತೇವೆ, ಚಪ್ಪಲಿ ಬಿಚ್ಚಿ ಕೈ ಮುಗಿದವರನ್ನೂ ಕಂಡೆ. ಆದರೆ ಯೋಚಿಸಿ ನೋಡಿ, ಟ್ರೆಂಚು ತೋಡುವುದು ಸಾಯಲಿಕ್ಕಲ್ಲ, ಬದುಕಲಿಕ್ಕೆ. ಮೇಜರ್ ನಿಂತದ್ದರಲ್ಲೂ ಬರೀ ಆವೇಶವಿದ್ದಂತೆ ನನಗೆ ಕಾಣುವುದಿಲ್ಲ. ಬೆನ್ನ ಹಿಂದೆ ಟ್ಯಾಂಕು ಇಟ್ಟುಕೊಂಡು ಬಯಲು ಮರಳಿನಲ್ಲಿ ನೂರಿಪ್ಪತ್ತು ಜನರನ್ನು ನಡೆಸುವುದಕ್ಕಿಂತ ತೋಡಿಟ್ಟ ಗುಂಡಿಯಲ್ಲಿ ಕೂರಿಸುವುದು ಜಾಣತನವೂ ಹೌದು. ಹೀಗೆಂದರೆ ಕೆಲವರಿಗೆ ಕೋಪ ಬರುತ್ತದೆ. ವೀರನನ್ನು ಲೆಕ್ಕಿಗನನ್ನಾಗಿ ಮಾಡಿದಿರಿ ಎನ್ನುತ್ತಾರೆ. ನನಗೆ ಲೆಕ್ಕ ಕೀಳಲ್ಲ. ತನ್ನ ಕೈಕೆಳಗಿನವರ ಜೀವದ ಲೆಕ್ಕ ಇಟ್ಟವನ ಧೈರ್ಯ, ಲೆಕ್ಕವಿಲ್ಲದವನ ಧೈರ್ಯಕ್ಕಿಂತ ಒಂದು ತೂಕ ಹೆಚ್ಚೇ.

ಆ ರಾತ್ರಿಯದ್ದೇ ಇನ್ನೊಂದು ಸಂಗತಿ. ಕತ್ತಲಲ್ಲಿ ಮುಳ್ಳುತಂತಿ ಕಂಡು ಇಲ್ಲಿ ನೆಲಬಾಂಬ್ ಹುಗಿದಿದ್ದಾರೆಂದು ಶತ್ರುಗಳು ನಿಂತುಬಿಟ್ಟರು. ತಜ್ಞರನ್ನು ಕರೆಸಿ ನೋಡಿದರೆ ಏನೂ ಇರಲಿಲ್ಲ. ಅಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಆ ಎರಡು ಗಂಟೆಯಲ್ಲಿ ಎಷ್ಟು ಜೀವ ಉಳಿಯಿತೋ! ಆದರೆ ತಂತಿಗೆ ಯಾರೂ ಹಾರ ಹಾಕುವುದಿಲ್ಲ.

ಆ ಕಡೆ ಸತ್ತವರು ಸುಮಾರು 200 ಎನ್ನುತ್ತಾರೆ. ಅವರ ಟ್ಯಾಂಕು ಅಲ್ಲಿಯೇ ನಿಂತಿದೆ, ಎಲ್ಲರೂ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಗೆದ್ದದ್ದಕ್ಕೆ ನನಗೂ ಹೆಮ್ಮೆಯಿದೆ, ಅದನ್ನು ಮುಚ್ಚಿಡುವುದಿಲ್ಲ. ಯುದ್ಧ ನಮ್ಮ ಮೇಲೆ ಬಂದಾಗ ಗೆಲ್ಲಲೇಬೇಕು. ಆದರೆ ಹೆಮ್ಮೆಗೂ ಆ ಫೋಟೋದ ನಗುವಿಗೂ ನಡುವೆ ಎಲ್ಲೋ ಒಂದು ಗೆರೆ ಇರಬೇಕು. ಎಲ್ಲಿ ಎಳೆಯುವುದೆಂದು ಕೇಳಿದರೆ ನನಗೆ ಸುಲಭವಾಗಿ ಹೇಳಲಿಕ್ಕಾಗದು.

ಗೆಳೆಯರ ಮೊಮ್ಮಗ ಎಂಟು ವರ್ಷದವನು. ಟ್ಯಾಂಕನ್ನು ಒಂದು ಸುತ್ತು ಹಾಕಿ ಬಂದು, "ಅಜ್ಜಾ, ಇದರೊಳಗ ಎಷ್ಟ ಮಂದಿ ಕೂಡ್ತಾರ?" ಎಂದು ಕೇಳಿದ.

"ನಾಕ ಮಂದಿ."

"ಅವ್ರೆಲ್ಲಾ ಎಲ್ಲಿ ಹೋದ್ರು?"

"ಇಳದ ಓಡಿ ಹೋದ್ರಪಾ."

"ನಾಕೂ ಮಂದಿ?"

ಗೆಳೆಯರು ನನ್ನ ಮುಖ ನೋಡಿದರು. ಆಮೇಲೆ ಹುಡುಗನ ಕೈ ಹಿಡಿದುಕೊಂಡು, "ಒಂದಿಬ್ಬರು ಹೋಗಿರಬೇಕು ನೋಡು" ಎಂದರು.