ಊರಳಿವು

ಸೊರಬ ತಾಲ್ಲೂಕಿನ ಉದ್ರಿಗೆ ಹೋದರೆ ವೀರಗಲ್ಲುಗಳನ್ನು ಹುಡುಕಬೇಕಾಗಿಲ್ಲ, ಅವೇ ಎದುರಾಗುತ್ತವೆ. ಅವತ್ತು ನಾನು ನಿಂತದ್ದು ಸೊಂಟದವರೆಗೆ ಮಣ್ಣಲ್ಲಿ ಹೂತಿದ್ದ ಒಂದು ಕಲ್ಲಿನ ಮುಂದೆ. ತುದಿಗೆ ಸೂರ್ಯ ಚಂದ್ರ, ಕೆಳಗೆ ಲಿಂಗ, ಅದಕ್ಕೂ ಕೆಳಗೆ ವೀರನನ್ನು ಕರೆದೊಯ್ಯುವ ದೇವಕನ್ನಿಕೆಯರು. ಅವನು ಸತ್ತ ಕಾಳಗ ಇರಬೇಕಾದದ್ದು ಅಡಿಯ ಪಟ್ಟಿಕೆಯಲ್ಲಿ. ಅದು ಪೂರ್ತಿ ನೆಲದೊಳಗೆ.

ಇಂಥ ಕಾಳಗಗಳಲ್ಲಿ ದನ ಹೊಡೆದುಕೊಂಡು ಹೋಗುವುದಕ್ಕೆ ಶಾಸನಗಳು ತುರುಗೊಳ್ ಎನ್ನುತ್ತವೆ, ಊರನ್ನೇ ಮುಗಿಸುವುದಕ್ಕೆ ಊರಳಿವು. ಸಿರಿಯಾದ ಅಲೆಪ್ಪೊ, ಇರಾಕಿನ ಮೋಸುಲ್‌ಗಳ ಯುದ್ಧದ ಸುದ್ದಿ ಓದುವಾಗ ಇದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿಲ್ಲ. ಅಲೆಪ್ಪೊದ ದೊಡ್ಡ ಮಸೀದಿಯ ಒಂಬೈನೂರು ವರ್ಷದ ಮಿನಾರು 2013ರಲ್ಲಿ ಉರುಳಿತು. ಅದಕ್ಕಿಂತ ತುಸು ಹಳೆಯದಾದ, 1047ರಲ್ಲಿ ಚಾವುಂಡರಾಯ ನಿಲ್ಲಿಸಿದ ಭೇರುಂಡೇಶ್ವರ ಕಂಬ ಬಳ್ಳಿಗಾವಿಯಲ್ಲಿ ಇನ್ನೂ ನಿಂತಿದೆ. ಸುತ್ತಲಿದ್ದ ರಾಜಧಾನಿ ಮಾತ್ರ ಇಲ್ಲ. ಅಲ್ಲಿನ ಕೋಡಿಯ ಮಠದಲ್ಲಿ ಹಸಿದವರಿಗೆ ಅನ್ನ, ರೋಗಿಗಳಿಗೆ ಮದ್ದು, ಸಕಲ ಜೀವಿಗಳಿಗೂ ಅಭಯ ಇತ್ತೆಂದು 1162ರ ಶಾಸನ ಹೇಳುತ್ತದೆ. ಯುದ್ಧದಲ್ಲಿ ಸ್ಮಾರಕಗಳನ್ನು ಮುಟ್ಟಬಾರದೆಂಬ 1954ರ ಹೇಗ್ ಒಪ್ಪಂದವೂ ಅಂಥದೇ ಒಂದು ಅಭಯ, ಕಾಗದದ ಮೇಲಿನದು.

ನಮ್ಮ ಹಳಬರಿಗೆ ಇಂಥ ಅಭಯದ ಬೆಲೆ ಗೊತ್ತಿತ್ತು. ಸೂರ್ಯಚಂದ್ರರಿರುವ ತನಕ ಎಂದು ದಾನ ಬರೆಸಿದವರೇ ಕೊನೆಗೆ ಶಾಪವನ್ನೂ ಕೆತ್ತಿಸುತ್ತಿದ್ದರು: ಕೆಡಿಸಿದವನು ಅರುವತ್ತು ಸಾವಿರ ವರ್ಷ ಮಲದ ಹುಳುವಾಗಿ ಬಿದ್ದಿರಲಿ ಅಂತ. ಕೆಡುವುದೇ ಇಲ್ಲ ಎಂಬ ಧೈರ್ಯವಿದ್ದವರು ಅಷ್ಟು ಬೈಯುತ್ತಿರಲಿಲ್ಲ.

ಬೈರೂತ್‌ನ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಮೋರಿಸ್ ಶೆಹಾಬ್ ಶಾಪವನ್ನೂ ನೆಚ್ಚಲಿಲ್ಲ, ಒಪ್ಪಂದವನ್ನೂ ನೆಚ್ಚಲಿಲ್ಲ. 1975ರಲ್ಲಿ ಶುರುವಾದ ಒಳಯುದ್ಧದ ಗಡಿರೇಖೆ ಮ್ಯೂಸಿಯಂ ಬಾಗಿಲಲ್ಲೇ ಹಾದುಹೋಗಿತ್ತು. ಎತ್ತಲಾಗದ ಶಿಲ್ಪಗಳ ಸುತ್ತ ಅವರು ಕಾಂಕ್ರೀಟ್ ಸುರಿಸಿಬಿಟ್ಟರು. ಯಾರಿಗೂ ಕಾಣದಂತೆ ಮಾಡಿ ಉಳಿಸಿಕೊಂಡರು.

ನಮ್ಮ ಕಡೆ ಆ ಕೆಲಸ ಮಣ್ಣು ಮಾಡಿದೆ, ಯಾರೂ ಹೇಳದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಬಳಿ 2013ರ ಸುಮಾರಿಗೆ ಅಗೆದಾಗ ಸಿಂಹಕಟಾಂಜನದ, ಅಂದರೆ ಸಿಂಹ ಕೆತ್ತಿದ ಕಟಕಟೆಯ, ಶಾಸನ ಮೇಲೆ ಬಂತು. ಕ್ರಿ.ಶ. 370ರದೆಂದು ಹೇಳುವ ಅದರಲ್ಲಿ ಕನ್ನಡವಿದೆ, ಹಲ್ಮಿಡಿ ಶಾಸನಕ್ಕಿಂತ ಹಳೆಯ ಕನ್ನಡ. ಇಷ್ಟು ಕಾಲ ಅದನ್ನು ಓದುವವರಿರಲಿಲ್ಲ, ಒಡೆಯುವವರೂ ಇರಲಿಲ್ಲ.

ಉದ್ರಿಯ ಕಲ್ಲಿನ ಬುಡದಲ್ಲಿ ಒಬ್ಬ ಹುಡುಗ ಕಡ್ಡಿಯಿಂದ ಕೆದಕುತ್ತಾ ಕೂತಿದ್ದ. ಕುದುರೆಯದೊಂದು ಕಿವಿ ಕಂಡಿತು, ಅದರ ಹಿಂದೆ ಕತ್ತಿಯ ತುದಿ.

“ಇನ್ನೂ ತೆಗೀಲಾ ಸಾರ್?”

ಸಾಕು ಅಂದೆ. ಅವನು ಅಂಗೈಯಿಂದ ಮಣ್ಣು ಎಳೆದು, ಕಾಲಲ್ಲಿ ತುಳಿದು ಸಮ ಮಾಡಿದ.